ನೀಲಿಯ ಬಲಗೆನ್ನೆ

ನೀಲಿ ತನ್ನ ಬಲಗೆನ್ನೆಗೆ ತಾನೇ ಹೊಡೆದುಕೊಳ್ಳಲು ಶುರುಮಾಡಿದ್ದು ಒಂದು ಸೋಮವಾರ, ಹಾಲಲ್ಲಿ ನೆನೆಸಿದ ರೊಟ್ಟಿ ತಿನ್ನಿಸುವಾಗ. ಒಂದು ತುತ್ತು ನುಂಗಿದಳು. ಎರಡನೆಯದನ್ನು ಉಗುಳಿದಳು. ಆಮೇಲೆ ಪಟಪಟ ಹೊಡೆತ.

ನೀಲಿ ನನ್ನ ಮಗಳು. ಒಂಬತ್ತು ವರ್ಷ. ಹುಟ್ಟಿದಾಗ ಅಳಲಿಲ್ಲ; ಸೆರೆಬ್ರಲ್ ಪಾಲ್ಸಿ ಎಂದರು. ನಡೆಯುವುದಿಲ್ಲ, ಮಾತಿಲ್ಲ, ಎರಡು ಹೊತ್ತು ಫಿಟ್ಸ್ ಔಷಧಿ ಬೇಕು. ಇಂಥ ಮಕ್ಕಳು ತಮ್ಮನ್ನು ತಾವೇ ಹೊಡೆದುಕೊಳ್ಳುವುದುಂಟು ಎಂದು ಯಾರೋ ಎಂದೋ ಹೇಳಿದ್ದರು. ಆ ಮಾತನ್ನೇ ಗಟ್ಟಿಯಾಗಿ ಹಿಡಿದುಕೊಂಡೆ.

"ಹಟ ಜಾಸ್ತಿ ಆಗ್ಯಾದ ಬಿಡು," ಎಂದರು ನಮ್ಮತ್ತೆ. "ಬೆಲ್ಲ ಕೊಡು, ಸುಮ್ಮನಾಗ್ತಾಳ."

ಬೆಲ್ಲ ನಮ್ಮ ಮನೆಯ ಹಳೆಯ ಉಪಾಯ. ಕಹಿ ಔಷಧಿಗೆ ನೀಲಿ ಬಾಯಿ ತೆರೆಯುತ್ತಿರಲಿಲ್ಲ. ಅದಕ್ಕೇ ಔಷಧಿ ಕುಡಿಸಿದ ಕೂಡಲೇ ಬೆಲ್ಲದ ಚೂರೊಂದನ್ನು ಬಲದವಡೆಯ ಸಂದಿಗೆ ಒತ್ತಿಡುತ್ತಿದ್ದೆ. ಅವಳಿಗೆ ಅಗಿಯಲು ಬರುವುದಿಲ್ಲ; ಅದು ತಾನಾಗಿಯೇ ಕರಗಬೇಕು. ಕರಗುವ ತನಕ ಅವಳ ಮುಖ ನೋಡಬೇಕು, ಅಷ್ಟು ಖುಷಿ. ಮಲಗುವ ಮುಂಚೆಯೂ ಒಂದು ಚೂರು. ನಾಲ್ಕು ವರ್ಷ ಹೀಗೇ ನಡೆಯಿತು.

ಹಲ್ಲುಜ್ಜುವುದು? ಬ್ರಷ್ ಕಂಡರೆ ಕಚ್ಚುತ್ತಿದ್ದಳು. ಪಾಪ, ಇದೊಂದು ಹಿಂಸೆ ಯಾಕೆ ಎಂದು ಬಿಟ್ಟೇಬಿಟ್ಟೆ.

ಹೇಳಲು ನಾಚಿಕೆ, ಆದರೂ ಹೇಳುತ್ತೇನೆ. ನಾನು ಶಹಾಪುರದ ಹತ್ತಿರದ ಹಳ್ಳಿಯೊಂದರ ಅಂಗನವಾಡಿ ಕಾರ್ಯಕರ್ತೆ. ಊರ ಮಕ್ಕಳನ್ನು ಸಾಲಾಗಿ ನಿಲ್ಲಿಸಿ, 'ಈ' ಅನ್ನಿಸಿ ಹಲ್ಲು ನೋಡುವವಳು. ಮಕ್ಕಳ ಹಲ್ಲು ಹುಳುಕಾಗಿದ್ದರೆ ತಾಯಂದಿರನ್ನು ಕರೆಸಿ ಬೈಯುವವಳು. ನನ್ನ ಬಾಯಿ ಎಂಥದ್ದೆಂದು ಊರಿಗೆಲ್ಲ ಗೊತ್ತು. ಮನೆಯಲ್ಲಿ ನನ್ನ ಬುದ್ಧಿ ಎಲ್ಲಿ ಮಣ್ಣು ತಿನ್ನಲು ಹೋಗಿತ್ತೋ!

ಹೊಡೆತ ಜೋರಾಯಿತು. ಕೆನ್ನೆ ಊದಿತು. ಹೊಡೆದುಕೊಂಡೇ ಊದಿದೆ ಎಂದುಕೊಂಡೆವು. ನಮ್ಮ ಮನೆಯವರ ಹಳೆಯ ಧೋತರ ಹರಿದು, ಗಾಯವಾಗದ ಹಾಗೆ ಮೆತ್ತಗೆ ಅವಳ ಎರಡೂ ಕೈ ಕಟ್ಟಿದೆ.

ಹನ್ನೊಂದು ದಿನ ಕಟ್ಟಿದೆ.

ಕಟ್ಟಿದ ಮೇಲೆ ಅವಳು ಕೆನ್ನೆಯನ್ನು ಗೋಡೆಗೆ ಒತ್ತಿ ಮಲಗುತ್ತಿದ್ದಳು. ಅತ್ತರೆ ಬೆಲ್ಲ. ಕೊನೆಗೆ ಬೆಲ್ಲವನ್ನೂ ಉಗುಳಿದಳು. ಮರುದಿನ ಔಷಧಿಯನ್ನೂ ಉಗುಳಿದಳು. ಸಂಜೆ ಫಿಟ್ಸ್ ಬಂತು.

ನಮ್ಮ ಮನೆಯವರು ಶಹಾಪುರ, ಸುರಪುರದ ನಡುವೆ ಟಂಟಂ ಆಟೋ ಓಡಿಸುತ್ತಾರೆ. ಅದರಲ್ಲೇ ಮಲಗಿಸಿಕೊಂಡು ಹೋದೆವು. ಶಹಾಪುರದ ಮಕ್ಕಳ ಡಾಕ್ಟರ್ ಫಿಟ್ಸ್ ನಿಲ್ಲಿಸಿದರು, ಟಾರ್ಚ್ ಹಾಕಿ ಬಾಯಿ ನೋಡಿದರು, ಯಾದಗಿರಿಗೆ ಹಲ್ಲಿನ ಡಾಕ್ಟರ ಹತ್ತಿರ ಹೋಗಿ ಎಂದರು. ಅಲ್ಲಿನ ಡಾಕ್ಟರಮ್ಮ ಬಾಯಿಗಿಂತ ಮೊದಲು ಕೈ ನೋಡಿದರು.

"ಕೈ ಯಾಕ ಕಟ್ಟೀರಿ?"

"ಹೊಡ್ಕೊಳ್ತಾಳ್ರಿ, ಅದಕ್ಕ."

"ಎಲ್ಲಿ ಹೊಡ್ಕೊಳ್ತಾಳ?"

"ಇಲ್ಲೇರಿ, ಬಲಕ್ಕ. ಯಾವಾಗ್ಲೂ ಬಲಕ್ಕ."

ಅವರು ಬಾಯಿ ತೆರೆಸಿ ನನ್ನನ್ನು ಬಗ್ಗಿ ನೋಡಲು ಹೇಳಿದರು. ಬಲದವಡೆಯ ಹಲ್ಲುಗಳು ಕಪ್ಪಾಗಿ ಬುಡದ ತನಕ ಸವೆದಿದ್ದವು. ಒಸಡಿನ ತುಂಬ ಕೀವು. ನಾನು ಬೆಲ್ಲ ಇಡುತ್ತಿದ್ದದ್ದು ಸರಿಯಾಗಿ ಅದೇ ಜಾಗ.

"ಆಕಿ ಹಟ ಮಾಡಿಲ್ಲವ್ವ," ಎಂದರು ಡಾಕ್ಟರಮ್ಮ. "ಎಲ್ಲಿ ನೋವದ ಅಂತ ತೋರಿಸ್ಯಾಳ. ನೀವು ಕೈ ಕಟ್ಟೀರಿ."

ನಾನು ಅವಳ ಕೈಯ ಕಟ್ಟು ಬಿಚ್ಚಿದೆ.

ಫಿಟ್ಸ್ ಇರುವ ಮಗು, ಕುರ್ಚಿಯಲ್ಲಿ ಕೂರಿಸಿ ಹಲ್ಲು ಕೀಳಲು ಆಗುವುದಿಲ್ಲ ಎಂದರು. ಕಲಬುರಗಿಗೆ ಹೋಗಿ ಜನರಲ್ ಅನಸ್ತೇಶಿಯಾ ಕೊಡಿಸಿ, ಪೂರ್ತಿ ಎಚ್ಚರ ತಪ್ಪಿಸಿ ಕೀಳಿಸಬೇಕು. ಮೊದಲು ಕೀವಿಗೆ ಆಂಟಿಬಯೋಟಿಕ್. ಕಲಬುರಗಿಯ ಆಪರೇಷನ್ ಥಿಯೇಟರಿನ ಬಾಗಿಲಲ್ಲಿ ನಮ್ಮ ಮನೆಯವರು ಒಂದೇ ಪ್ರಶ್ನೆಯನ್ನು ಮೂರು ಸಲ ಕೇಳಿದರು: "ಕೂಸು ಎಚ್ಚರಾಗ್ತಾಳಲ್ರಿ ಸಾಹೇಬ್ರ?" ಡಾಕ್ಟರ್ ಮಾತು ಕೊಡಲಿಲ್ಲ. "ನಾವು ಪಕ್ಕದಾಗೇ ಇರ್ತೀವಿ," ಎಂದಷ್ಟೇ ಅಂದರು. ಒಳಗೆ ಕರೆದೊಯ್ಯುವ ಮುಂಚೆ ನರ್ಸ್ ಅವಳ ಕೈ ಎತ್ತಿ ನೋಡಿದರು. ಮಣಿಕಟ್ಟಿನ ಸುತ್ತ ನಾನು ಕಟ್ಟಿದ ಬಟ್ಟೆಯ ಬಿಳಿಚಿದ ಗೆರೆ ಇನ್ನೂ ಉಳಿದಿತ್ತು. ನಾನು ಯಾವ ದೇವರನ್ನೂ ನೆನೆಯಲಿಲ್ಲ. ಆ ಗೆರೆಯನ್ನೇ ನೆನೆಯುತ್ತಾ ಕುಳಿತೆ.

ಆರು ಹಲ್ಲು ಕಿತ್ತರು. ನೀಲಿ ಎಚ್ಚರಾದಳು.

ನಾಲ್ಕನೆಯ ದಿನ ತಣ್ಣನೆಯ ಗಂಜಿ ನುಂಗಿದಳು. ಕೈ ಮೆಲ್ಲಗೆ ಬಲಗೆನ್ನೆಯ ಕಡೆ ಹೋಯಿತು. ನಾನು ದಡಬಡಿಸಿ ಎದ್ದೆ. ಅವಳು ಹೊಡೆದುಕೊಳ್ಳಲಿಲ್ಲ, ಸುಮ್ಮನೆ ಕೈಯಿಟ್ಟು ಮಲಗಿದಳು. ಆಗ ನನಗೆ ಅಳು ಬಂತು, ಹಿಂದೆಂದೂ ಅಷ್ಟು ಅತ್ತಿರಲಿಲ್ಲ.

ಈಗ ಎರಡು ಹೊತ್ತು ಅವಳ ತಲೆಯನ್ನು ತೊಡೆಯ ಮೇಲಿಟ್ಟುಕೊಂಡು ಹಲ್ಲು ಉಜ್ಜುತ್ತೇನೆ. ಅತ್ತೆ ಗಲ್ಲ ಹಿಡಿಯುತ್ತಾರೆ. ಕಚ್ಚುತ್ತಾಳೆ, ನನ್ನ ತೋರುಬೆರಳು ನೋಡಿದರೆ ಗೊತ್ತಾಗುತ್ತದೆ. ಬೆಲ್ಲವಿಲ್ಲದೆ ಔಷಧಿ ಕುಡಿಸಲು ಅರ್ಧ ಗಂಟೆ ಬೇಕು. ಉಳಿದ ಹಲ್ಲುಗಳ ಮೇಲೂ ಕಣ್ಣಿಡಬೇಕೆಂದು ಡಾಕ್ಟರಮ್ಮ ಹೇಳಿದ್ದಾರೆ. ಅಂಗನವಾಡಿಯಲ್ಲಿ ಈಗ ನಾನು ಯಾರನ್ನೂ ಬೈಯುವುದಿಲ್ಲ. ಬೆಲ್ಲದ ಕಥೆ ಹೇಳುತ್ತೇನೆ.

ನಿನ್ನೆ ಉಜ್ಜುವಾಗ ನೀಲಿ ಕೈಯೆತ್ತಿ ಕೆನ್ನೆಗೆ ಒಂದೇಟು ಹೊಡೆದುಕೊಂಡಳು. ಈ ಸಲ ಎಡಕ್ಕೆ. ಅತ್ತೆ ಅವಳ ಕೈ ಹಿಡಿಯಲು ಹೋದರು.

"ಬಿಡ್ರಿ ಅತ್ತಿ," ಎಂದೆ. "ಆಕಿ ಹೇಳಾಕತ್ತಾಳ. ಟಾರ್ಚ್ ಕೊಡ್ರಿ."