ಗಂಡಸರು ಆರಿಸಿದ ಅಡುಗೆ ಸಾಮಾನು

ಅರವತ್ತರ ದಶಕದ ಆರಂಭದಲ್ಲಿ ಹೊನ್ನಾವರದ ನಮ್ಮ ಮನೆಗೆ ಬಂದ ಅಡುಗೆ ಸಾಮಾನನ್ನೆಲ್ಲ ಆರಿಸಿದವರು, ಊಟದ ಹೊತ್ತಿಗೆ ಮಾತ್ರ ಅಡುಗೆಮನೆಗೆ ಬರುತ್ತಿದ್ದವರು. ಅಪ್ಪ ಕೋರ್ಟಿನಲ್ಲಿ ಗುಮಾಸ್ತ. ಯಾವ ಕಾಗದವನ್ನೂ ಮೂರು ಸಲ ಓದದೆ ಮುಂದೆ ಕಳಿಸುತ್ತಿರಲಿಲ್ಲ. ಪೇಟೆಯಲ್ಲಿ ಹೊಳೆಯುವ ತಗಡು ಕಂಡರೆ ಮಾತ್ರ ಒಂದು ಸಲವೂ ಯೋಚಿಸುತ್ತಿರಲಿಲ್ಲ.

ಆ ಮಳೆಗಾಲದಲ್ಲಿ ಅಮ್ಮ ಬಾವಿಕಟ್ಟೆಯ ಬಳಿ ಜಾರಿ ಬಿದ್ದಳು. ಎಡಗಾಲಿನ ಮಂಡಿ ಮತ್ತೆ ಮಡಚಲಿಲ್ಲ. ಒಲೆ, ಒರಳು ಎರಡೂ ಕಟ್ಟೆಯ ಮೇಲಿದ್ದವು, ನಿಂತೇ ನಿಭಾಯಿಸಿದಳು. ಈಳಿಗೆಮಣೆ ಮಾತ್ರ ನೆಲದ್ದು. ಅದರ ಮೇಲೆ ಕೂರದೆ ಕಾಯಿ ತುರಿಯಲಾಗದು, ಕಾಯಿ ಇಲ್ಲದೆ ನಮ್ಮಲ್ಲಿ ಯಾವ ಅಡುಗೆಯೂ ಆಗದು. ಹಾಗಾಗಿ ದಿನಾ ಬೆಳಿಗ್ಗೆ ಎರಡು ಕಾಯಿ ತುರಿಯುವ ಕೆಲಸ ಮೆಟ್ರಿಕ್ ಓದುತ್ತಿದ್ದ ಅಕ್ಕನ ಪಾಲಿಗೆ ಬಂತು. ಅವಳು ಶಾಲೆ ಮುಟ್ಟುವಷ್ಟರಲ್ಲಿ ಮೊದಲ ಪೀರಿಯಡ್ ಮುಗಿದಿರುತ್ತಿತ್ತು. ಹಾಜರಿ ಸಾಲದಿದ್ದರೆ ಪರೀಕ್ಷೆಗೆ ಕೂರಿಸುವುದಿಲ್ಲ ಎಂದು ಹೆಡ್‌ಮಾಸ್ತರರು ಹೇಳಿ ಕಳಿಸಿದರು.

"ಮುಂದಿನ ವರ್ಷ ಕೂತ್ರೂ ಆತು," ಎಂದ ಅಪ್ಪ.

"ಮುಂದಿನ ವರ್ಷ ನನ್ನ ಕಾಲು ಮಡಚ್ತದೆ ಅಂತ ನಿಮ್ಗೆ ಯಾರು ಹೇಳಿದ್ರು?" ಅಮ್ಮ ಕೇಳಿದಳು.

ಅಪ್ಪ ಇದಕ್ಕೆ ಪರಿಹಾರವನ್ನೂ ತಂದ. ಕೆಲಸದ ಮೇಲೆ ಭಟ್ಕಳಕ್ಕೆ ಹೋದವನು, ಪೇಟೆಯಲ್ಲಿ ಒಬ್ಬ ಕ್ಯಾರೆಟ್ಟನ್ನು ಹೂವಿನಂತೆ ಕತ್ತರಿಸಿ ತೋರಿಸುವುದನ್ನು ನೋಡಿ, ಆ ಕತ್ತರಿಸುವ ಯಂತ್ರವನ್ನೇ ಕೊಂಡು ಬಂದ. ಅಲ್ಲಿಯವರೆಗೆ ನಮ್ಮ ಮನೆಗೆ ಕ್ಯಾರೆಟ್ ಬಂದಿರಲಿಲ್ಲ, ಆಮೇಲೂ ಬರಲಿಲ್ಲ. ಅಮ್ಮ ಸುವರ್ಣಗಡ್ಡೆ ಇಟ್ಟು ಹಿಡಿ ಒತ್ತಿದಳು. ಅಲಗು ಬಾಗಿತು. ಗಡ್ಡೆ ಹಾಗೇ ಇತ್ತು.

"ಇದ್ರಲ್ಲಿ ಕಾಯಿ ತುರಿಯೂದು ಹ್ಯಾಂಗೆ?" ಅಜ್ಜಿ ಮಗನನ್ನು ಕೇಳಿದಳು.

"ಅದು ಕಾಯಿಗಲ್ಲ."

"ಮತ್ತೆಂತಕ್ಕೆ ತಂದೆ, ತಮಾ? ಹೂ ಮುಡಿಯೂಕಾ?"

ಎರಡನೆಯದನ್ನು ತಂದವನು ಮುಂಬಯಿಯಿಂದ ರಜೆಗೆ ಬಂದ ಸೋದರಮಾವ. ಇದು ಕಾಯಿಗೆಂದೇ ಮಾಡಿದ ಯಂತ್ರ. ಹಿಡಿ ತಿರುಗಿಸಿದರೆ ಹಲ್ಲುಗಳು ತಿರುಗಿ ಕಾಯಿ ತುರಿಯುತ್ತವೆ. ಕೆಳಗಿನ ಸ್ಕ್ರೂವನ್ನು ಗಟ್ಟಿಯಾದ ಹಲಗೆಯ ಅಂಚಿಗೆ ಬಿಗಿಯಬೇಕು. ನಮ್ಮ ಅಡುಗೆಮನೆಯಲ್ಲಿ ಅಂಥ ಅಂಚೇ ಇರಲಿಲ್ಲ. ಕಟ್ಟೆ ಒಂದು ಗೇಣು ದಪ್ಪ. ಊಟದ ಮಣೆಗೆ ಬಿಗಿದರೆ ಹಿಡಿಯ ಜೊತೆ ಮಣೆಯೂ ತಿರುಗಿತು.

"ಮುಂಬಯಿಲಿ ಎಲ್ಲರ ಮನೇಲೂ ಟೇಬಲ್ ಇರ್ತದೆ ಅಕ್ಕಾ," ಎಂದು ಮಾವ ತಪ್ಪು ನಮ್ಮ ಮನೆಯದೇ ಎಂಬಂತೆ ಹೇಳಿದ.

ಟೇಬಲ್ ಇತ್ತು, ಜಗಲಿಯಲ್ಲಿ. ಅಪ್ಪನ ಬರೆಯುವ ಟೇಬಲ್. ತಿಂಗಳಿಗೆ ಎರಡು ಪತ್ರ ಬರೆಯುತ್ತಿದ್ದ. ಉಳಿದ ದಿನ ಅದರ ಮೇಲೆ ಎಲೆಯಡಿಕೆಯ ತಟ್ಟೆ ಇರುತ್ತಿತ್ತು. ಮಾವ ಯಂತ್ರವನ್ನು ಅದಕ್ಕೆ ಬಿಗಿದು ಕಾಯಿ ತುರಿದು ತೋರಿಸಿದ. ಅಕ್ಕಪಕ್ಕದವರು ಸೇರಿ ಹೊಗಳಿದರು. ಅಪ್ಪನೂ ಒಂದು ಹೋಳು ತುರಿದ. ಜೀವಮಾನದಲ್ಲಿ ಅವನು ತುರಿದ ಮೊದಲ ಹೋಳು. ಜನ ಹೋದ ಮೇಲೆ ಬಾಗಿ ನೋಡಿ, "ತೇಗದ ಅಂಚು ಹಾಳಾತು," ಎಂದು ಯಂತ್ರವನ್ನು ಬಿಚ್ಚಿಸಿದ.

ಯಂತ್ರ ಗೋಡೆಯ ಮೊಳೆಗೆ ಹೋಯಿತು, ಮಾವ ಮುಂಬಯಿಗೆ ಹೋದ, ಅಕ್ಕ ಈಳಿಗೆಗೆ ಹೋದಳು. ಅಪ್ಪನೋ ನಾನೋ ಅದರ ಮೇಲೆ ಕೂರಬಹುದೆಂದು ಯಾರೂ ಹೇಳಲಿಲ್ಲ. ನನಗೆ ಹದಿಮೂರು ವರ್ಷ, ಎರಡೂ ಕಾಲು ಮಡಚುತ್ತಿದ್ದವು. ನಾನೂ ಹೇಳಲಿಲ್ಲ.

ನವರಾತ್ರಿ ಕಳೆದ ಮೇಲೆ ಅಪ್ಪ ಒಂದು ದಿನ ಕುಮಟೆಗೆ ಹೋಗಿದ್ದ. ಅಮ್ಮ ಎಲೆಯಡಿಕೆಯ ತಟ್ಟೆಯನ್ನು ಕಿಟಕಿಯಲ್ಲಿಟ್ಟು, ಟೇಬಲ್ ಒಳಗೆ ತರಲು ಹೇಳಿದಳು. ಅಕ್ಕನೂ ನಾನೂ ಹೊತ್ತೆವು. ಸಂಜೆ ಅಪ್ಪ ಬಂದು ಖಾಲಿ ಜಗಲಿಯಲ್ಲಿ ನಿಂತ.

"ನನ್ನ ಟೇಬಲ್ ಎಲ್ಲಿ?"

"ಒಳಗದೆ," ಎಂದಳು ಅಮ್ಮ. ಯಂತ್ರ ಬಿಗಿದಾಗಿತ್ತು, ಅವಳು ನಿಂತೇ ಕಾಯಿ ತುರಿಯುತ್ತಿದ್ದಳು.

"ನಾನು ಎಲ್ಲಿ ಕೂತು ಬರೆಯೂದು?"

"ಈಳಿಗೆಮಣೆ ಖಾಲಿ ಅದೆ, ತಮಾ," ಎಂದಳು ಅಜ್ಜಿ.

ಅಪ್ಪ ಎರಡು ದಿನ ಮಾತು ಬಿಟ್ಟ. ಮೂರನೆಯ ದಿನ ಬೆಳಿಗ್ಗೆ ಮನೆಗೆ ಬಂದವರೊಬ್ಬರಿಗೆ, ಅಂಥ ಯಂತ್ರ ಕೊಳ್ಳುವವರು ಮೊದಲು ಟೇಬಲ್ಲಿನ ವ್ಯವಸ್ಥೆ ಮಾಡಿಕೊಳ್ಳಬೇಕು, ತಾನು ಯೋಚಿಸಿಯೇ ಅದನ್ನು ಒಳಗೆ ಹಾಕಿಸಿದ್ದು ಎಂದು ವಿವರಿಸುತ್ತಿದ್ದ. ಅಕ್ಕ ಆ ಹೊತ್ತಿಗೆ ಶಾಲೆಯಲ್ಲಿದ್ದಳು. ಮೊದಲ ಪೀರಿಯಡ್ ಗಣಿತದ್ದು. ಆ ವರ್ಷವೇ ಅವಳು ಪರೀಕ್ಷೆಗೆ ಕೂತಳು. ಗಣಿತದಲ್ಲಿ ಪಾಸಾಗಲು ಬೇಕಾದದ್ದಕ್ಕಿಂತ ಮೂರೇ ಅಂಕ ಹೆಚ್ಚು ಬಂದಿತ್ತು.