ಮೊಬೈಲಿನಲ್ಲಿ ಮುಳುಗುವ ಸಾಬಣ್ಣ

"ಮೇಡಂ, ನಿಮ್ಮ ಕೋಡಿಂಗ್‌ದಾಗ ನಾ ದಿನಾ ಸಾಯ್ಲಿಕತ್ತೀನ್ರಿ."

ಶಾಲೆಯ ಬಾಗಿಲಲ್ಲಿ ನಿಂತು ಸಾಬಣ್ಣ ಹೀಗೆಂದಾಗ ನಾನು ಕುರ್ಚಿ ತೋರಿಸಿದೆ. ಬದುಕಿರುವ ಮನುಷ್ಯ ಇಂಥ ದೂರು ತಂದರೆ ಮತ್ತೇನು ಮಾಡುವುದು?

ಶನಿವಾರ ಮಧ್ಯಾಹ್ನ ನಾನು ಶಹಾಬಾದಿನಿಂದ ಕಾಗಿಣಾ ಹೊಳೆ ದಾಟಿ ಈ ಹಳ್ಳಿಗೆ ಬರುವುದು, ಸರ್ಕಾರಿ ಶಾಲೆಯ ಮಕ್ಕಳಿಗೆ ಕೋಡಿಂಗ್ ಕಲಿಸುವುದು ನಿಮಗೆ ಗೊತ್ತೇ ಇದೆ. (ಇಲ್ಲಿ ಬರೆದು ಬರೆದು ನಿಮ್ಮ ತಲೆ ತಿಂದಿದ್ದೇನೆ.) ಸಾಬಣ್ಣ ಎಂಟನೇ ಕ್ಲಾಸಿನ ಅಂಬಿಕಾಳ ಅಪ್ಪ. ಶಹಾಬಾದಿನಲ್ಲಿ ಕಲ್ಲು ಪಾಲಿಶ್ ಮಾಡುವ ಕೆಲಸ. ದಿನಾ ಬೈಕಿನಲ್ಲಿ ಹೊಳೆಯ ತಗ್ಗು ಸೇತುವೆ ದಾಟಿ ಹೋಗುತ್ತಾರೆ.

"ನಿಮ್ಮ ಊರಿನ ಬಗ್ಗೆ ಒಂದು ಗೇಮ್ ಮಾಡಿ" ಎಂದು ನಾನು ಹೋಂವರ್ಕ್ ಕೊಟ್ಟಿದ್ದೆ. ಎಲ್ಲರೂ ಕ್ರಿಕೆಟ್ ಮಾಡಿದರು. ಅಂಬಿಕಾ ಸೇತುವೆ ಮಾಡಿದಳು. ಮಳೆ ಬಂದರೆ ಹೊಳೆ ಏರುತ್ತದೆ. ಬಾಣದ ಗುರುತು ಒತ್ತಿದರೆ ಬೈಕು ಹೊರಡುತ್ತದೆ. ಸೇತುವೆ ಮೇಲೆ ನೀರಿದ್ದಾಗ ಹೊರಟರೆ ಬೈಕು ಮಾಯ. ಆಮೇಲೆ ಸ್ಕ್ರೀನಿನ ತುಂಬ ದೊಡ್ಡ ಅಕ್ಷರ: "ಸಾಬಣ್ಣ ಹೋದ."

ಅದನ್ನು ಅಪ್ಪನ ಮೊಬೈಲಿಗೂ ಹಾಕಿಕೊಟ್ಟಿದ್ದಳು. ಮಗಳು ಮಾಡಿದ್ದಲ್ಲವೇ? ಸಾಬಣ್ಣ ಹೆಮ್ಮೆಯಿಂದ ಕೆಲಸದ ಜಾಗದಲ್ಲಿ ತೋರಿಸಿದ್ದಾರೆ. ಅಂದಿನಿಂದ ಜೊತೆಗಾರರು ಬುತ್ತಿ ಬಿಚ್ಚುವ ಮೊದಲು ಅವರನ್ನು ಒಮ್ಮೆ ಮುಳುಗಿಸುತ್ತಾರಂತೆ.

"ಅದ್ರಾಗ ಏನರ ತಪ್ಪ ಅದ ನೋಡ್ರಿ. ಎಷ್ಟ ಜೋರ ಹೊಡದ್ರೂ ದಾಟಂಗಿಲ್ಲ."

ನೋಡಿದೆ. ತಪ್ಪಿರಲಿಲ್ಲ. ಗೆಲ್ಲಲು ಒಂದೇ ದಾರಿ ಇತ್ತು. ನಿಲ್ಲಬೇಕು. ನೀರು ಇಳಿದ ಮೇಲೆ ಹೋಗಬೇಕು.

"ಗೇಮ್ ಅಂದ್ರ ಸ್ವಲ್ಪ ಮಜಾ ಇರಬೇಕವ್ವಾ," ಎಂದೆ ಕ್ಲಾಸಿನಲ್ಲೇ ಕುಳಿತಿದ್ದ ಅಂಬಿಕಾಳಿಗೆ. "ಜೋರ ಹೋದ್ರ ದಾಟೂ ಹಂಗ ಮಾಡು."

ಅವಳು ಅಪ್ಪನ ಕಡೆ ನೋಡದೆ ಹೇಳಿದಳು: "ಹೋದ ಮಳಿಗಾಲದಾಗ ಅಪ್ಪಾನೂ ಹಂಗೇ ಅಂದಿದ್ದನ್ರಿ. ಜೋರ ಹೋದ್ರ ದಾಟ್ತೀನಂತ. ನಡುವ ಗಾಡಿ ಬಂದ್ ಆಯ್ತು. ಮಂದಿ ಹಗ್ಗ ಒಗದು ಎಳಕೊಂಡ್ರು. ನಾನು, ಅವ್ವ ದಂಡಿಗಿ ನಿಂತು ನೋಡ್ಲಿಕತ್ತಿದ್ದೆವ್ರಿ."

ಮಜಾದ ಮಾತು ನಾನು ಮತ್ತೆ ಎತ್ತಲಿಲ್ಲ.

"ನಮ್ಮ ಮುತ್ಯಾ ಇದೇ ಹೊಳ್ಯಾಗ ದೋಣಿ ಹಾಕ್ತಿದ್ದ. ನೀರು ನಮಗೇನು ಹೊಸಾದೇನ್ರಿ?" ಎಂದು ಸಾಬಣ್ಣ ನನಗೆ ಹೇಳಿದರು. ಆಮೇಲೆ ಮಗಳ ಕಡೆ ತಿರುಗಿ ದನಿ ಇಳಿಸಿದರು. "ನಿಂತ್ರ ಲೇಟಾಗ್ತದವ್ವಾ. ಲೇಟಾದ್ರ ಮುಕಾದಮ ಹಾಜರಿ ಹಾಕಂಗಿಲ್ಲ." (ಮುಕಾದಮ ಅಂದರೆ ಅಲ್ಲಿ ಕೂಲಿಯವರ ಮೇಲೆ ನಿಗಾ ಇಡುವವನು.)

"ಆಟದಾಗ ಮುಕಾದಮ ಇಲ್ಲಪಾ," ಎಂದಳು ಅಂಬಿಕಾ.

ಕೋಡಿಂಗ್ ಕಲಿತರೆ ಮಕ್ಕಳ ತರ್ಕಶಕ್ತಿ ಬೆಳೆಯುತ್ತದೆ ಎಂದು ಜಾಹೀರಾತುಗಳಲ್ಲಿ ಓದಿರುತ್ತೀರಿ. ಬೆಳೆದದ್ದನ್ನು ಅವರು ಮೊದಲು ಮನೆಯಲ್ಲೇ ಬಳಸುತ್ತಾರೆ ಎಂದು ಮಾತ್ರ ಯಾರೂ ಹಾಕುವುದಿಲ್ಲ.

ಮುಂದಿನ ವಾರ ಮಳೆ ಹಿಡಿಯಿತು. ಬೆಳಿಗ್ಗೆಯೇ ಸಾಬಣ್ಣನ ಫೋನ್.

"ಸೇತುವಿ ಮ್ಯಾಲ ನೀರ ಬಂದಾವ್ರಿ. ನಿಂತೀನಿ."

"ಭಾಳ ಛಲೋ ಮಾಡೀರಿ. ಅಲ್ಲೇ ಇರ್ರಿ."

"ಮನಿಗಿ ಹೇಳಿದ್ರ ಅಂಬಿಕಾ ನಂಬವಲ್ಲಳು. ಫೋಟೋ ಕಳಸಂತಾಳ."

ಆ ಫೋಟೋ ನನಗೂ ಬಂತು. ಸ್ಟ್ಯಾಂಡ್ ಹಾಕಿದ ಬೈಕು, ಪಕ್ಕದಲ್ಲಿ ತೊಯ್ದ ಸಾಬಣ್ಣ, ಹಿಂದೆ ಕೆಂಪು ನೀರು. ಮುಖದಲ್ಲಿ ಗೆದ್ದವನ ಕಳೆಯೇನೂ ಇರಲಿಲ್ಲ.

ಮಧ್ಯಾಹ್ನ ನೀರು ಇಳಿಯಿತು. ಸಾಬಣ್ಣ ದಾಟಿದರು. ಕೆಲಸಕ್ಕೆ ಹೋದರೆ ಮುಕಾದಮ ಹಾಗೇ ವಾಪಸ್ ಕಳಿಸಿದ. ದಿನದ ಕೂಲಿ ಹೋಯಿತು.

"ಹೊಳಿ ಬಂದ ದಿನ ದಂಡಿಗಿ ಓಡಿ ಹೋಗದ, ಇದೇ ಮೊದಲ ಸಲ ಮನ್ಯಾಗ ಕುಂತು ರೊಟ್ಟಿ ಬಡದೀನ್ರಿ," ಎಂದು ಆಮೇಲೆ ಸಿಕ್ಕ ಅಂಬಿಕಾಳ ಅವ್ವ ನನಗೆ ಹೇಳಿದರು. ಹೇಳಿ, ಸೆರಗಿನಿಂದ ಮುಖ ಒರೆಸಿಕೊಂಡು, "ಚಾ ಕುಡೀರಿ," ಎಂದರು. ಕುಡಿದೆ.

ಮೊನ್ನೆ ಶನಿವಾರ ಅಂಬಿಕಾ ಗೇಮ್ ಬದಲಿಸಿಕೊಂಡು ಬಂದಳು. ಈಗ ಆಚೆ ದಂಡೆಯಲ್ಲಿ ಛತ್ರಿ ಹಿಡಿದ ಒಬ್ಬ ಮನುಷ್ಯ ನಿಂತಿದ್ದಾನೆ. ಮೈಮೇಲೆ ಒಂದು ಹನಿ ನೀರಿಲ್ಲ. ಬೈಕು ನಿಲ್ಲುತ್ತದೆ, ಹೊಳೆ ಇಳಿಯುತ್ತದೆ, ಬೈಕು ಕ್ಷೇಮವಾಗಿ ದಾಟುತ್ತದೆ. ಅವನು ಹೇಳುತ್ತಾನೆ: "ವಾಪಸ್ ಹೋಗು."

"ಇವ ಹಾಜರಿ ಹಾಕಬೇಕಂದ್ರ ಯಾವ ಕಂಡೀಷನ್ ಹಾಕಬೇಕ್ರಿ ಮೇಡಂ? ನಾ ಎಲ್ಲಾ ಹಾಕಿ ನೋಡ್ದೆ."

ನಾನೂ ಹಾಕಿ ನೋಡಿದೆ.

ನಿಮ್ಮಲ್ಲಿ ಯಾರಾದರೂ ಹಾಜರಿ ಹಾಕುವವರಿದ್ದರೆ, ದಯವಿಟ್ಟು ಹೇಳಿ.