ತಗಡಿನ ಗೋಡೆಯ ಆಚೆ

ನಾನು ಬೆಟಗೇರಿಯ ನೇಕಾರರ ಮನೆಯವನು. ಮಗ್ಗ ಮಾರಿದ ಮೇಲೆ ನಮ್ಮ ಭಾಗದ ವಿಮಾನ ನಿಲ್ದಾಣದ ಸರಕು ವಿಭಾಗದಲ್ಲಿ ಗುಮಾಸ್ತನಾದೆ. ವಿಮಾನದಲ್ಲಿ ಬಂದ ಪೆಟ್ಟಿಗೆಗಳನ್ನು ಕಾಗದ ನೋಡಿ ವಾರಸುದಾರರಿಗೆ ಒಪ್ಪಿಸುವುದು ನನ್ನ ಕೆಲಸ.

ಒಂದು ಬೆಳಿಗ್ಗೆ ಲಕ್ಷ್ಮೇಶ್ವರದಿಂದ ಗಾದಿ ತುಂಬುವ ಕೆಲಸದವರೊಬ್ಬರು ಬಾಡಿಗೆ ವ್ಯಾನ್ ತಂದು ನಿಂತರು. ಮುಂಬೈಯಲ್ಲಿ ಕಟ್ಟಡದಿಂದ ಬಿದ್ದು ಸತ್ತ ಅವರ ತಮ್ಮನ ಶವ ಆ ದಿನ ಬರಬೇಕಿತ್ತು.

"ಗೋರಿ ತೋಡಿಸಿಟ್ಟು ಬಂದೇನ್ರಿ ಸಾಹೇಬ್ರ. ಮಂದಿ ಕಾಯಾಕ ಹತ್ಯಾರ. ಜಲ್ದಿ ಕೊಡ್ರಿ."

ವಿಮಾನ ಬಂತು, ಶವದ ಪೆಟ್ಟಿಗೆ ಬರಲಿಲ್ಲ. ತೂಕ ಹೆಚ್ಚಾಯಿತೆಂದು ಅದನ್ನು ಮುಂಬೈಯಲ್ಲೇ ಇಳಿಸಿ, ಯಾರದೋ ಮದುವೆಯ ಹೂವಿನ ಡಬ್ಬಗಳನ್ನು ಕಳಿಸಿದ್ದರು. ಮೇಲ್ವಿಚಾರಕನ ಬಳಿಗೆ ಓಡಿದೆ. ಅವನು ಚಹಾದ ಕಪ್ಪು ಕೆಳಗಿಡಲಿಲ್ಲ.

"ಹೂವಿನ ಸಲುವಾಗಿ ಹೆಣಾ ಬಿಟ್ಟಾರಂತ ಹೇಳ್ತೀಯೇನಲೇ? ಗದ್ದಲಾ ಎಬ್ಬಸ್ತಾರ. ಕಾಗದದಾಗ ಏನರ ತಪ್ಪು ಹುಡುಕು. ಓಡಾಡ್ಲಿ ಅಂವಾ."

ಕಾಗದಗಳೆಲ್ಲ ಸರಿಯಾಗಿದ್ದವು. ಆದರೂ ನಾನು ಹೊರಗೆ ಬಂದು, "ನಿಮ್ಮೂರ ಪೊಲೀಸರ ಸಹಿ ಇಲ್ರಿ, ಮಾಡಿಸ್ಕೊಂಡು ಬರ್ರಿ," ಎಂದೆ.

ಖಾಲಿ ವ್ಯಾನ್ ಲಕ್ಷ್ಮೇಶ್ವರಕ್ಕೆ ಹೋಯಿತು. ಮಗ ಬಂದನೆಂದು ತಾಯಿ ವ್ಯಾನಿನ ಬಾಗಿಲು ಬಡಿದಳಂತೆ. ಮಧ್ಯಾಹ್ನ ಸಹಿಯೊಂದಿಗೆ ಅವರು ತಿರುಗಿ ಬಂದಾಗ ಅಂಗಿಯೆಲ್ಲ ಬೆವರಿನಿಂದ ತೊಯ್ದಿತ್ತು.

"ತಡಾ ಆತ್ರಿ. ತಪ್ಪು ನಮ್ಮದ ಐತಿ."

"ಇವತ್ತಿನ ಟೈಮ್ ಮುಗೀತ್ರಿ. ನಾಳಿಗೆ ಬರ್ರಿ."

"ಒಂದ ಸಲ ಪೆಟಗಿ ಮುಟ್ಟಿ ಹೋಗ್ತೇನ್ರಿ. ಒಳಗ ಐತಲ್ರಿ?"

"ಐತ್ರಿ. ಒಳಗ ಬಿಡಾಕ ಬರೂದಿಲ್ಲ."

ನನ್ನ ಬಾಯಿಂದ ಅದು ಸಲೀಸಾಗಿ ಬಂತು. ಅವರು ಗೋದಾಮಿನ ತಗಡಿನ ಗೋಡೆಗೆ ತಲೆಯಾನಿಸಿ ಕುಳಿತರು. ಸಂಜೆಯವರೆಗೂ ಗೋಡೆಯೊಂದಿಗೆ ಮೆಲ್ಲಗೆ ಮಾತಾಡಿದರು. ಅವ್ವ ಉಣ್ಣುತ್ತಿಲ್ಲವೆಂದರು, ಸಿಟ್ಟು ಮಾಡಿಕೊಂಡು ಮುಂಬೈಗೆ ಕಳಿಸಿದ್ದಕ್ಕೆ ಮಾಫಿ ಕೇಳಿದರು. ಗೋಡೆಯ ಆಚೆ ನಾನಿದ್ದೆ. ಜೊತೆಗೆ ನಾಲ್ಕು ಖಾಲಿ ತಳ್ಳುಗಾಡಿ. ಮೇಲ್ವಿಚಾರಕ ನನಗೆ ಕಣ್ಣು ಮಿಟುಕಿಸಿದ. ನಾನೂ ನಕ್ಕೆ.

ಮರುದಿನದ ವಿಮಾನದಲ್ಲಿ ಪೆಟ್ಟಿಗೆ ಬಂತು. ಅದನ್ನು ವ್ಯಾನಿಗೆ ಏರಿಸಿ ಅವರು ನನ್ನ ಎರಡೂ ಕೈ ಹಿಡಿದುಕೊಂಡರು.

"ನಿನ್ನಿ ಸಂಜೀತನಕ ತಮ್ಮನ ಬಾಜೂಕ ಕುಂತಿದ್ದೆ. ಅಷ್ಟ ಸಮಾಧಾನ ಆತ್ರಿ. ನಿಮ್ಮ ಉಪಕಾರ ಮರಿಯೂದಿಲ್ಲ."

ಖರೆ ಹೇಳಲು ಬಾಯಿ ತೆರೆದೆ. ಆದರೆ ಹೊರಬಿದ್ದದ್ದು, "ಇಲ್ಲೊಂದು ಸಹಿ ಮಾಡ್ರಿ," ಎಂಬ ಮಾತು.

ಅವರು ಮಾಡಿದರು.